ಹಬ್ಬದ ಪಾಳಿ

ಗೋಡೆಯ ಮೇಲೆ ತೂಗುವ ಕ್ಯಾಲೆಂಡರಿನಲ್ಲಿ ಹಬ್ಬದ ದಿನಗಳನ್ನು ಕೆಂಪು ಅಂಕಿಗಳಲ್ಲಿ ಅಚ್ಚು ಹಾಕುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಹೊಸ ವರ್ಷದ ಕ್ಯಾಲೆಂಡರು ಮನೆಗೆ ಬಂದೊಡನೆ ಮಕ್ಕಳು ಮಾಡುವ ಮೊದಲ ಕೆಲಸವೆಂದರೆ ಆ ಕೆಂಪು ಅಂಕಿಗಳನ್ನು ಎಣಿಸುವುದು. ಹಬ್ಬವೇನಾದರೂ ಭಾನುವಾರದ ದಿನ ಬಂದಿತೆಂದರೆ ಒಂದು ರಜೆ ಕಳೆದುಹೋಯಿತಲ್ಲಾ ಎಂದು ಮರುಗುವುದೂ ಉಂಟು. ಮಕ್ಕಳ ಮಾತೇಕೆ? ಕಚೇರಿಗೆ ಹೋಗುವ ಹಿರಿಯರೂ ಈ ಲೆಕ್ಕದಲ್ಲಿ ಹಿಂದೆ ಬಿದ್ದವರಲ್ಲ. ಆದರೆ ಎಲ್ಲರ ಪಾಲಿಗೂ ಆ ಅಂಕಿಗಳು ಕೆಂಪಲ್ಲ. ಹಬ್ಬಕ್ಕೆಂದು ಊರಿಗೆ ಹೊರಟವರನ್ನು ಹೊತ್ತು ಸಾಗುವ ಬಸ್ಸಿನ ಚಾಲಕನಿಗೆ, ಇರುಳಿನಲ್ಲಿ ತಂತಿ ಕಡಿದು ಊರು ಕತ್ತಲಾದಾಗ ಕಂಬ ಹತ್ತಬೇಕಾದ ಲೈನ್‌ಮನ್ನಿಗೆ, ನಸುಕಿನಲ್ಲಿ ಹಾಲು ತಂದುಕೊಡುವವನಿಗೆ ಅವು ಉಳಿದ ದಿನಗಳಂತೆ ಕಪ್ಪು ಅಂಕಿಗಳೇ. ಇಂಥವರ ಸಾಲಿನಲ್ಲಿ ನಾನು ಬಹಳ ಹತ್ತಿರದಿಂದ ಕಂಡವರು ಆಸ್ಪತ್ರೆಯ ದಾದಿಯರು.

2016ರ ದೀಪಾವಳಿಯ ವೇಳೆಗೆ ನನ್ನ ತಂದೆಯವರಿಗೆ ಪಾರ್ಶ್ವವಾಯು ಬಡಿದು, ಮಲೆನಾಡಿನ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಅವರನ್ನು ಸೇರಿಸಬೇಕಾಯಿತು. ಬಲಗೈ ಬಲಗಾಲು ಸ್ವಾಧೀನ ತಪ್ಪಿದ್ದವು, ಮಾತು ನಿಂತಿತ್ತು, ನುಂಗುವ ಶಕ್ತಿಯೂ ಕುಂದಿದ್ದುದರಿಂದ ಮೂಗಿನ ಮೂಲಕ ಇಳಿಸಿದ ನಳಿಗೆಯಿಂದಲೇ ಗಂಜಿ, ಹಾಲು, ಔಷಧಿ. ಗಂಡಸರ ಆ ವಾರ್ಡಿನಲ್ಲಿ ಮೂವತ್ತು ಮಂಚಗಳು. ಹನ್ನೊಂದು ದಿನ ನಾನು ತಂದೆಯವರ ಮಂಚದ ಪಕ್ಕದಲ್ಲಿ ಒಂದು ಸ್ಟೂಲಿನ ಮೇಲೆ ಹಗಲನ್ನೂ, ನೆಲದ ಮೇಲೆ ಹಾಸಿದ ಚಾಪೆಯಲ್ಲಿ ಇರುಳನ್ನೂ ಕಳೆದೆ.

ಹಬ್ಬ ಹತ್ತಿರವಾದಂತೆ ವಾರ್ಡಿನಲ್ಲಿ ಒಂದು ವಿಚಿತ್ರ ಗಡಿಬಿಡಿ ಕಾಣಿಸಿಕೊಂಡಿತು. ಕಾಲು ಮುರಿದು ಪಟ್ಟಿ ಹಾಕಿಸಿಕೊಂಡವರು, ಜ್ವರ ಬಿಟ್ಟವರು, ಹೊಲಿಗೆ ಬಿಚ್ಚಿಸಿಕೊಂಡವರು, ಎಲ್ಲರೂ ಡಾಕ್ಟರನ್ನು ಕಾಡತೊಡಗಿದರು. "ನೀರು ತುಂಬುವ ಹಬ್ಬಕ್ಕಾದರೂ ಮನೇಲಿರಬೇಕು ಸಾರ್" ಎಂಬುದೊಂದೇ ಮಾತು. ನಡೆಯಬಲ್ಲವರೆಲ್ಲ ಚೀಟಿ ಬರೆಸಿಕೊಂಡು ಗಂಟುಮೂಟೆ ಕಟ್ಟಿದರು. ನರಕ ಚತುರ್ದಶಿಯ ಹಿಂದಿನ ದಿನ ಸಂಜೆ ಎಣಿಸಿ ನೋಡಿದರೆ ಉಳಿದವರು ಹದಿನಾಲ್ಕೇ ಮಂದಿ. ಅರ್ಧಕ್ಕರ್ಧ ವಾರ್ಡು ಬರಿದಾಯಿತು, ದಾದಿಯರಿಗೆ ಇನ್ನು ವಿರಾಮ ಎಂದು ನಾನು ಎಣಿಸಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ಕಣ್ಣೆದುರಿಗಿದ್ದುದು ಬೇರೆ. ಹೋದವರು ತಮ್ಮ ನೀರನ್ನು ತಾವೇ ಕುಡಿಯಬಲ್ಲವರು. ಉಳಿದವರು ಮಗ್ಗುಲನ್ನೂ ತಾವಾಗಿ ಬದಲಿಸಲಾರದವರು. ಹಬ್ಬದ ದಿನಗಳಲ್ಲಿ ಆಸ್ಪತ್ರೆಯಲ್ಲಿ ಉಳಿಯುವುದು ಅತ್ಯಂತ ಭಾರವಾದ ಕಾಯಿಲೆಗಳೇ. ಡಾಕ್ಟರುಗಳಲ್ಲಿಯೂ ಅರ್ಧದಷ್ಟು ಜನ ರಜೆಯಲ್ಲಿರುತ್ತಾರೆ. ರಾತ್ರಿಗೆ ಒಬ್ಬ ಡ್ಯೂಟಿ ಡಾಕ್ಟರು, ಅವರೋ ಅಪಘಾತ ವಿಭಾಗದಿಂದ ಹೆರಿಗೆ ವಾರ್ಡಿಗೆ, ಅಲ್ಲಿಂದ ಇಲ್ಲಿಗೆ ಓಡಾಡುತ್ತಿರುವವರು. ಹೀಗಾಗಿ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ, ಆ ಹನ್ನೆರಡು ಗಂಟೆಗಳ ಕಾಲ, ವಾರ್ಡೆಂಬ ಆ ಪುಟ್ಟ ಲೋಕದ ಹೊಣೆಯೆಲ್ಲ ಒಬ್ಬ ದಾದಿಯ ಮೇಲೆ.

ಅಮಾವಾಸ್ಯೆ ಮತ್ತು ಬಲಿಪಾಡ್ಯಮಿಯ ರಾತ್ರಿಗಳಲ್ಲಿ ನಮ್ಮ ವಾರ್ಡಿಗೆ ಬಂದವರು ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಹಿಡಿಸದು. ರೋಗಿಗಳು ಅವರನ್ನು 'ಸಿಸ್ಟರಮ್ಮ' ಎನ್ನುತ್ತಿದ್ದರು. ದಾದಿಯನ್ನು ಸಿಸ್ಟರ್ ಎಂದು ಕರೆಯುವ ವಾಡಿಕೆ ಕ್ರೈಸ್ತ ಸಂನ್ಯಾಸಿನಿಯರಿಂದ ಬಂದುದು. ಬೆಂಗಳೂರಿನಲ್ಲಿ 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ತೆರೆದವರು ಅಂಥ ಸಂನ್ಯಾಸಿನಿಯರೇ. ಆ ಇಂಗ್ಲಿಷ್ ಪದಕ್ಕೆ ನಮ್ಮ ಜನ ಒಂದು 'ಅಮ್ಮ'ನನ್ನು ಜೋಡಿಸಿ ಅಕ್ಕತಂಗಿಯರ ಸಾಲಿನಿಂದ ತಾಯಿಯ ಸ್ಥಾನಕ್ಕೆ ಏರಿಸಿಬಿಟ್ಟಿದ್ದಾರೆ. ಸರ್ಕಾರವು ಇತ್ತೀಚಿನ ವರ್ಷಗಳಲ್ಲಿ 'ಶುಶ್ರೂಷಾಧಿಕಾರಿ' ಎಂಬ ಹೆಸರನ್ನು ಕೊಟ್ಟಿದೆ. ಗೌರವದ ಹೆಸರೇ ಸರಿ. ಆದರೆ ನೋವಿನಿಂದ ನರಳುವವನ ಬಾಯಿಗೆ ಅಷ್ಟುದ್ದದ ಪದ ಬರುವುದು ಕಷ್ಟ.

ಪಾಳಿಯ ಪಟ್ಟಿಯ ವಿಷಯ ಒಂದೆರಡು ಮಾತು ಹೇಳಬೇಕು. ಯಾರು ಯಾವ ದಿನ ಯಾವ ಹೊತ್ತಿನಲ್ಲಿ ಬರಬೇಕೆಂಬುದನ್ನು ಹಿರಿಯ ದಾದಿಯೊಬ್ಬರು ಮೊದಲೇ ಬರೆದು ಗೋಡೆಗೆ ಅಂಟಿಸಿರುತ್ತಾರೆ. ಬೇರೆ ಕೆಲಸವಿಲ್ಲದ ನಾನು ಅದನ್ನು ಹಲವು ಸಲ ಓದಿದೆ. ಶಾಯಿಯಲ್ಲಿ ಬರೆದ ಆ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಮಾಡಿದ ತಿದ್ದುಪಡಿಗಳಿದ್ದವು, ಓದಬೇಕಾದುದು ಅವನ್ನೇ. ಮಂಗಳೂರಿನ ಕಡೆಯ ಕ್ರೈಸ್ತ ದಾದಿಯೊಬ್ಬಳು ನರಕ ಚತುರ್ದಶಿಯ ರಾತ್ರಿಯನ್ನು ತನ್ನ ಹೆಸರಿಗೆ ಬರೆದುಕೊಂಡು, ಡಿಸೆಂಬರ್ 24ರ ರಾತ್ರಿಯನ್ನು ಬಿಟ್ಟುಕೊಟ್ಟಿದ್ದಳು. ಆ ಡಿಸೆಂಬರ್ ರಾತ್ರಿಯ ಮುಂದೆ ನಮ್ಮ ಸಿಸ್ಟರಮ್ಮನ ಹೆಸರಿತ್ತು. ಹಿಂದಿನ ಜುಲೈ ತಿಂಗಳ ರಮ್‌ಜಾನಿನಂದು ಮುಸ್ಲಿಂ ದಾದಿಯ ಬದಲಿಗೆ ಬಂದವಳೊಬ್ಬಳಿಗೆ ಅಮಾವಾಸ್ಯೆಯ ಹಗಲು ಬಿಡುವು ಸಿಕ್ಕಿತ್ತು. ಮತಗಳ ಸೌಹಾರ್ದವನ್ನು ಕುರಿತು ಎಷ್ಟೋ ಭಾಷಣಗಳನ್ನು ಕೇಳಿದ್ದೇನೆ. ಈ ಹಾಳೆಯಲ್ಲಿ ಭಾಷಣವಿರಲಿಲ್ಲ, ಕೊಟ್ಟು ತೆಗೆದುಕೊಂಡುದರ ಲೆಕ್ಕ ಮಾತ್ರವಿತ್ತು. ಅದೂ ರಬ್ಬರಿನಿಂದ ಅಳಿಸಿ ಅಳಿಸಿ ಬರೆದುದು. ಅಮಾವಾಸ್ಯೆ, ಪಾಡ್ಯಮಿಗಳೆರಡೂ ಸಿಸ್ಟರಮ್ಮನ ಪಾಲಿಗೆ ಬಂದದ್ದು, ಅವರ ಬದಲಿಗೆ ಬರಬೇಕಾದವಳ ಮಗುವಿಗೆ ಜ್ವರ ಬಂದದ್ದರಿಂದ.

ಅವರ ಕೆಲಸವನ್ನು ದೂರದಿಂದ ನೋಡಿದವರಿಗೆ ಅದು ಬರಿಯ ಓಡಾಟವೆಂದು ತೋರಬಹುದು. ಪಕ್ಕದಲ್ಲಿ ಕುಳಿತು ನೋಡಿದರೆ ಅದರ ಲೆಕ್ಕಾಚಾರ ತಿಳಿಯುತ್ತದೆ. ತಂದೆಯವರಿಗೆ ಗ್ಲೂಕೋಸ್ ಬಾಟಲಿಯನ್ನು ತೂಗುಹಾಕಿ, ಅವರು ತಮ್ಮ ಕೈಗಡಿಯಾರವನ್ನು ನೋಡುತ್ತ ತುಟಿ ಅಲುಗಿಸುತ್ತಿದ್ದುದನ್ನು ಕಂಡು ನಾನು ಮಂತ್ರ ಹೇಳುತ್ತಿದ್ದಾರೇನೋ ಎಂದು ಕೇಳಿದೆ. ಅವರು ನಕ್ಕು, "ಹನಿ ಎಣಿಸ್ತಾ ಇದೀನಿ" ಎಂದರು. ಬಾಟಲಿಯಲ್ಲಿರುವುದು 500 ಮಿಲಿಲೀಟರ್. ಆ ನಳಿಗೆಯಲ್ಲಿ ಒಂದು ಮಿಲಿಲೀಟರಿಗೆ ಇಪ್ಪತ್ತು ಹನಿ. ಹಾಗಾದರೆ ಬಾಟಲಿಯಲ್ಲಿ ಹತ್ತು ಸಾವಿರ ಹನಿಗಳು. ಅದು ಎಂಟು ಗಂಟೆಯಲ್ಲಿ, ಎಂದರೆ 480 ನಿಮಿಷಗಳಲ್ಲಿ ಮುಗಿಯಬೇಕಾದರೆ ನಿಮಿಷಕ್ಕೆ ಸುಮಾರು ಇಪ್ಪತ್ತೊಂದು ಹನಿ ಬೀಳಬೇಕು. ವೇಗ ಹೆಚ್ಚಿದರೆ ದುರ್ಬಲವಾದ ಹೃದಯಕ್ಕೆ ಭಾರ. ಕಡಮೆಯಾದರೆ ಔಷಧಿ ಹೊತ್ತಿಗೆ ಸರಿಯಾಗಿ ಸೇರದು. ಶಾಲೆಯಲ್ಲಿ ಭಾಗಾಕಾರ ಯಾಕೆ ಕಲಿಯಬೇಕೆಂದು ಕೇಳುವ ಬಾಲಕರಿಗೆ ಈ ಬಾಟಲಿಯನ್ನು ತೋರಿಸಬೇಕು. ಇದರ ಜೊತೆಗೆ ಮೈಯ ಬಿಸಿ, ನಾಡಿ, ಉಸಿರು, ರಕ್ತದೊತ್ತಡಗಳನ್ನು ನೋಡಿ ಬರೆಯುವುದು. ಹೊತ್ತು ಹೊತ್ತಿಗೆ ಚುಚ್ಚುಮದ್ದು. ಎರಡು ಗಂಟೆಗೊಮ್ಮೆ ತಂದೆಯವರಂಥವರನ್ನು ಮಗ್ಗುಲು ಬದಲಿಸಿ ಮಲಗಿಸುವುದು. ಒಂದೇ ಮಗ್ಗುಲಲ್ಲಿ ಮಲಗಿದರೆ ಮೂಳೆ ಒತ್ತಿ, ಚರ್ಮಕ್ಕೆ ರಕ್ತ ಹರಿಯದೆ ಹುಣ್ಣಾಗುತ್ತದೆ. ಪಾರ್ಶ್ವವಾಯುವಿನಿಂದ ಉಳಿದವರೂ ಕೆಲವೊಮ್ಮೆ ಈ ಹುಣ್ಣಿನಿಂದ ಸಾಯುವುದುಂಟು. ಹನ್ನೊಂದು ದಿನಗಳಲ್ಲಿ ತಂದೆಯವರ ಬೆನ್ನಿನ ಮೇಲೆ ಒಂದು ಕೆಂಪು ಗುರುತೂ ಏಳಲಿಲ್ಲ. ಆಗದೇ ಹೋದುದನ್ನು ಯಾರೂ ಹೊಗಳುವುದಿಲ್ಲವಾದ್ದರಿಂದ ನಾನಿಲ್ಲಿ ಬರೆದಿದ್ದೇನೆ.

ಅಮಾವಾಸ್ಯೆಯ ರಾತ್ರಿ ಊರೆಲ್ಲ ಸಿಡಿಯಿತು. ಆಸ್ಪತ್ರೆಯ ಸುತ್ತ ಸದ್ದು ಮಾಡಬಾರದೆಂಬ ಫಲಕವೇನೋ ಇತ್ತು; ಪಟಾಕಿಗೆ ಅಕ್ಷರ ಬರುವುದಿಲ್ಲವಷ್ಟೆ! ಒಂದೊಂದು ಸದ್ದಿಗೂ ಅರೆಪ್ರಜ್ಞೆಯಲ್ಲಿದ್ದ ತಂದೆಯವರ ಎಡಗೈ ಬೆಚ್ಚಿ ಬೀಳುತ್ತಿತ್ತು. ಒಂಬತ್ತೂವರೆಯ ಹೊತ್ತಿಗೆ ನಾನು ಔಷಧಿ ತರಲು ಕೆಳಗೆ ಹೋದಾಗ, ಹತ್ತು ವರ್ಷದ ಒಬ್ಬ ಹುಡುಗನನ್ನು ಅವನ ತಂದೆ ಎತ್ತಿಕೊಂಡು ಓಡಿ ಬಂದ. ಹುಡುಗ ಪಟಾಕಿ ಹಚ್ಚಿದವನಲ್ಲ. ಪಕ್ಕದ ಮನೆಯವರ ಹೂಕುಂಡವನ್ನು ನೋಡುತ್ತ ನಿಂತಿದ್ದವನು. ಅದು ಸಿಡಿದು ಕಣ್ಣಿಗೆ ಬಡಿದಿತ್ತು. ಗಾಬರಿಯಲ್ಲಿ ತಂದೆ ಆ ಕಣ್ಣನ್ನು ಪಂಚೆಯ ತುದಿಯಿಂದ ಒರೆಸುತ್ತಲೇ ಇದ್ದ. ಅಪಘಾತ ವಿಭಾಗದ ದಾದಿ ಮೊದಲು ಮಾಡಿದ್ದು ಆ ಕೈಯನ್ನು ಹಿಡಿದು ನಿಲ್ಲಿಸಿದ್ದು. "ಉಜ್ಜಬೇಡಿ, ಒತ್ತಬೇಡಿ. ಒಳಗೆ ಗಾಯ ಆಗಿದ್ರೆ ಉಜ್ಜಿದಷ್ಟೂ ಹೆಚ್ಚುತ್ತೆ" ಎಂದು, ಒಂದು ಹೊಸ ಕಾಗದದ ಲೋಟದ ತಳವನ್ನು ಕತ್ತರಿಸಿ, ಕಣ್ಣಿಗೆ ತಾಗದಂತೆ ಅದರ ಮೇಲೆ ಕವುಚಿ, ಅಂಟುಪಟ್ಟಿ ಹಾಕಿದರು. ಹುಡುಗನ ಬೆರಳುಗಳೂ ಸುಟ್ಟಿದ್ದವು. ಅವಕ್ಕೆ ಯಾರೋ ಮನೆಯಲ್ಲಿ ಟೂತ್‌ಪೇಸ್ಟು ಮೆತ್ತಿದ್ದರು. ಅದನ್ನು ತೊಳೆದು, ನಲ್ಲಿಯ ತಣ್ಣೀರಿನ ಕೆಳಗೆ ಬಹಳ ಹೊತ್ತು ಆ ಪುಟ್ಟ ಕೈಯನ್ನು ಹಿಡಿದುಕೊಂಡು ನಿಂತರು. ನೀರು ಹರಿಯುವಷ್ಟು ಹೊತ್ತೂ ಅವನ ಶಾಲೆ, ಮೇಷ್ಟರು, ತಂಗಿ ಎಂದು ಏನೇನೋ ಕೇಳುತ್ತಿದ್ದರು; ಹುಡುಗ ಬಿಕ್ಕುತ್ತಲೇ ಉತ್ತರ ಕೊಡುತ್ತಿದ್ದ. ಮರುದಿನ ಅವನನ್ನು ದೊಡ್ಡ ಕಣ್ಣಾಸ್ಪತ್ರೆಗೆ ಕಳುಹಿಸಿದರೆಂದು ಕೇಳಿದೆ. ಬೆಂಗಳೂರಿನಲ್ಲಿ, ನೂರು ವರ್ಷ ದಾಟಿದ ಮಿಂಟೊ ಕಣ್ಣಾಸ್ಪತ್ರೆಯು ದೀಪಾವಳಿಯ ದಿನಗಳಿಗೆಂದೇ ಹಗಲಿರುಳೂ ಸಿದ್ಧವಾಗಿರುತ್ತದೆ. ಪ್ರತಿ ವರ್ಷವೂ ಅಲ್ಲಿಗೆ ಬರುವವರಲ್ಲಿ ಮಕ್ಕಳೇ ಬಹಳ. ಅವರಲ್ಲಿ ಎಷ್ಟೋ ಮಂದಿ ಈ ಹುಡುಗನಂತೆ ಬರಿದೆ ನೋಡುತ್ತ ನಿಂತವರು.

ರೋಗಿಗೆ ಸದ್ದಿನಿಂದಾಗುವ ಹಿಂಸೆಯನ್ನು ಮೊದಲು ಗಂಭೀರವಾಗಿ ಎಣಿಸಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಒಬ್ಬಳು. 1859ರಲ್ಲಿ ಶುಶ್ರೂಷೆಯನ್ನು ಕುರಿತು ಅವಳು ಬರೆದ ಪುಸ್ತಕದಲ್ಲಿ ಒಂದು ಅಧ್ಯಾಯವೇ ಸದ್ದಿಗೆ ಮೀಸಲು. ಅವಳನ್ನು ನಾವು 'ದೀಪಧಾರಿಣಿ'ಯೆಂದು ಬಲ್ಲೆವು. 1854ರ ನವೆಂಬರಿನಲ್ಲಿ ಮೂವತ್ತೆಂಟು ದಾದಿಯರೊಡನೆ ಅವಳು ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದು, ರಾತ್ರಿಯ ವೇಳೆ ಕೈಯಲ್ಲಿ ದೀಪ ಹಿಡಿದು ಗಾಯಾಳುಗಳ ಸಾಲುಗಳ ನಡುವೆ ನಡೆದಳು. ಚಿತ್ರಗಳಲ್ಲಿ ಅವಳ ಕೈಗೆ ಗ್ರೀಕರ ಎಣ್ಣೆದೀಪವನ್ನು ಕೊಟ್ಟಿರುತ್ತಾರೆ; ನಿಜವಾಗಿ ಅದು ಮಡಿಸಿ ಇಡಬಹುದಾದ ತುರ್ಕಿಯ ಸಾದಾ ಲಾಂದ್ರ. ಚಿತ್ರಕಾರರು ಕೈಬಿಟ್ಟ ಇನ್ನೊಂದು ವಸ್ತುವೆಂದರೆ ಅವಳ ಲೆಕ್ಕದ ಪುಸ್ತಕ. ಯುದ್ಧದ ಗಾಯಗಳಿಗಿಂತ ಹೊಲಸಿನಿಂದ ಬಂದ ರೋಗಗಳೇ ಹೆಚ್ಚು ಸೈನಿಕರನ್ನು ಕೊಂದವೆಂದು ಅಂಕಿಅಂಶಗಳ ಚಿತ್ರ ಬರೆದು 1858ರಲ್ಲಿ ಅವಳು ಸರ್ಕಾರಕ್ಕೆ ತೋರಿಸಿಕೊಟ್ಟಳು. ದೀಪಕ್ಕಿಂತ ಆ ಲೆಕ್ಕ ಹೆಚ್ಚು ಜೀವಗಳನ್ನು ಉಳಿಸಿತೆಂದೇ ನನ್ನ ಅಭಿಪ್ರಾಯ. ಅವಳು ಹುಟ್ಟಿದ ಮೇ 12ನ್ನು ಜಗತ್ತಿನಾದ್ಯಂತ ದಾದಿಯರ ದಿನವೆಂದು ಆಚರಿಸುತ್ತಾರೆ.

ಬಲಿಪಾಡ್ಯಮಿಯ ರಾತ್ರಿಯ ಮಾತಿಗೆ ಬರುತ್ತೇನೆ. ತಂದೆಯವರ ಎದುರಿನ ಮಂಚದಲ್ಲಿ ತೀರ್ಥಹಳ್ಳಿಯ ಕಡೆಯ ಒಬ್ಬ ಮುದುಕ ರೈತನಿದ್ದ. ಉಬ್ಬಸ ಹೆಚ್ಚಿ ಆಮ್ಲಜನಕ ಕೊಡುತ್ತಿದ್ದರು. ಆ ಸೀಮೆಯಲ್ಲಿ ದೀಪಾವಳಿಯ ಇರುಳುಗಳಲ್ಲಿ ಅಂಟಿಗೆ-ಪಂಟಿಗೆಯವರು ಆರದಂತೆ ಕಾಪಾಡಿದ ಜ್ಯೋತಿಯನ್ನು ಹಿಡಿದು, ಹಾಡುತ್ತ, ಕಾಡುದಾರಿಯಲ್ಲಿ ಮನೆಯಿಂದ ಮನೆಗೆ ಬರುತ್ತಾರೆ. ಮನೆಯವರು ಅದಕ್ಕೆ ಎಣ್ಣೆ ಎರೆದು, ಅದರಿಂದಲೇ ತಮ್ಮ ದೀಪವನ್ನು ಹಚ್ಚಿಕೊಳ್ಳುತ್ತಾರೆ. ಹುಟ್ಟಿದ ಮೇಲೆ ಒಂದು ವರ್ಷವೂ ಅದನ್ನು ತಪ್ಪಿಸಿಕೊಂಡಿರದ ಅಜ್ಜ ಅಂದು ಎಂಟು ಗಂಟೆಯಿಂದಲೇ, "ಅಮ್ಮಾ, ದೀಪ ಬಂತೇನಮ್ಮಾ?" ಎಂದು ಕೇಳತೊಡಗಿದ. ಮಾತನಾಡಿದಷ್ಟೂ ಅವನ ಉಸಿರು ಕಟ್ಟುತ್ತಿತ್ತು. ವಾರ್ಡಿನೊಳಗೆ ದೀಪ ಹಚ್ಚುವಂತಿಲ್ಲ. ಆಮ್ಲಜನಕವಿರುವೆಡೆ ಒಂದು ಕಿಡಿಯೂ ಕೂಡದು. ಸಿಸ್ಟರಮ್ಮ ಅವನಿಗೆ ಅದನ್ನು ವಿವರಿಸುತ್ತ ಕೂಡಲಿಲ್ಲ. ಆಯಾ ಹೊರಗಿನ ಕಾಂಪೌಂಡಿನ ಮೇಲೆ ಸಾಲಾಗಿ ಹಣತೆಗಳನ್ನು ಹಚ್ಚಿಟ್ಟಿದ್ದಳು. ವಾರ್ಡ್‌ಬಾಯನ್ನು ಕರೆದು, ನನ್ನನ್ನೂ ಒಂದು ಕಡೆ ಹಿಡಿಯಲು ಹೇಳಿ, ಅಜ್ಜನ ಮಂಚವನ್ನು ಕಿಟಕಿಯ ಕಡೆಗೆ ತಿರುಗಿಸಿದರು. ತಲೆಯ ಕೆಳಗೆ ಎರಡು ದಿಂಬು ಕೊಟ್ಟರು. "ಬಂತು ನೋಡಿ ಅಜ್ಜಾ." ಅಜ್ಜ ಬಹಳ ಹೊತ್ತು ನೋಡಿದ. ಆಮೇಲೆ ದಿಂಬಿನಡಿಯಿಂದ ಹತ್ತು ರೂಪಾಯಿಯ ನೋಟೊಂದನ್ನು ತೆಗೆದು, "ಎಣ್ಣೆಗೆ" ಎಂದು ಚಾಚಿದ. ರೋಗಿಯಿಂದ ಹಣ ತೆಗೆದುಕೊಳ್ಳಬಾರದೆಂಬುದು ಆಸ್ಪತ್ರೆಯ ನಿಯಮ. ಆದರೆ ಅವರು ಎರಡೂ ಕೈ ಒಡ್ಡಿ ಅದನ್ನು ತೆಗೆದುಕೊಂಡರು. ಹೊರಗೆ ಹೋಗಿ ಆಯಾಳ ಕೈಗೆ ಕೊಟ್ಟು ಬಂದರು. ಅದಾದ ಮೇಲೆ ಅಜ್ಜ ಮಾತಿಲ್ಲದೆ ಮಲಗಿದ.

ರಾತ್ರಿ ಎರಡೂವರೆ ದಾಟಿರಬೇಕು. ಊರಿನಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಪಟಾಕಿ ಸಿಡಿಯುತ್ತಿತ್ತು. ನಾನು ಎಚ್ಚರವಾಗಿಯೇ ತಂದೆಯವರ ಪಕ್ಕದಲ್ಲಿದ್ದೆ. ಸಿಸ್ಟರಮ್ಮ ವಾರ್ಡಿನ ಆ ತುದಿಯಲ್ಲಿ, ಹನ್ನೆರಡು ಮಂಚಗಳಾಚೆ, ಮೇಜಿನ ಮುಂದೆ ಏನನ್ನೋ ಬರೆಯುತ್ತಿದ್ದರು. ಇದ್ದಕ್ಕಿದ್ದಂತೆ ಅವರ ಲೇಖನಿ ನಿಂತಿತು. ತಲೆಯೆತ್ತಿ, ಒಂದು ಕ್ಷಣ ಆಲಿಸಿ, ಎದ್ದು ನೇರವಾಗಿ ನಮ್ಮ ಮಂಚದ ಕಡೆಗೆ ಬಂದರು. ಬಂದವರೇ ತಂದೆಯವರನ್ನು ಮಗ್ಗುಲಿಗೆ ತಿರುಗಿಸಿ, ಯಂತ್ರವನ್ನು ಎಳೆದುಕೊಂಡು, ಬಾಯಿಯ ಮೂಲಕ ತೆಳ್ಳನೆಯ ನಳಿಗೆಯನ್ನು ಇಳಿಸಿ, ಗಂಟಲಲ್ಲಿ ತುಂಬಿಕೊಂಡಿದ್ದ ಕಫವನ್ನು ಹೀರಿ ತೆಗೆದರು. ಆಗ ನೋಡಿದೆ, ತಂದೆಯವರ ತುಟಿಗಳು ನೀಲಿಯಾಗಿದ್ದವು. ಆಮ್ಲಜನಕ ಕೊಟ್ಟು, ಡಾಕ್ಟರಿಗೆ ಫೋನು ಮಾಡಿ, ಅವರು ಬರುವವರೆಗೂ ನಾಡಿಯ ಮೇಲಿನ ಬೆರಳನ್ನು ತೆಗೆಯಲಿಲ್ಲ. ಪಾರ್ಶ್ವವಾಯುವಿನಿಂದ ನುಂಗುವ ಶಕ್ತಿ ಕುಂದಿದವರಿಗೆ ತಮ್ಮ ಜೊಲ್ಲೇ ಶ್ವಾಸನಾಳಕ್ಕೆ ಇಳಿಯುತ್ತದೆ. ಇನ್ನು ಹತ್ತು ನಿಮಿಷ ಕಳೆದಿದ್ದರೆ ಕಷ್ಟವಾಗುತ್ತಿತ್ತೆಂದು ಡಾಕ್ಟರು ಹೇಳಿದರು. ಅಷ್ಟು ದೂರದಿಂದ ನಿಮಗೆ ಹೇಗೆ ತಿಳಿಯಿತೆಂದು ನಾನು ಆಮೇಲೆ ಕೇಳಿದಾಗ ಅವರು, "ಉಸಿರಿನ ಸದ್ದು ಬದಲಾಯ್ತಲ್ಲ" ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು. ಪಟಾಕಿಯ ಸದ್ದು, ಹದಿನಾಲ್ಕು ಜನರ ಗೊರಕೆ ನರಳಾಟ, ಫ್ಯಾನಿನ ಕಿರುಗುಟ್ಟುವಿಕೆ, ಇಷ್ಟರ ನಡುವೆ!

'ಶುಶ್ರೂಷೆ' ಎಂಬ ಪದವನ್ನು ನಾವು ಆರೈಕೆ, ಸೇವೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ಬೇರೆ. 'ಶ್ರು' ಎಂದರೆ ಕೇಳು. 'ಶುಶ್ರೂಷಾ' ಎಂದರೆ ಕೇಳಬೇಕೆಂಬ ಇಚ್ಛೆ. ವಿದ್ಯಾರ್ಥಿಯಾಗಿದ್ದಾಗ ವ್ಯಾಕರಣದ ಪಂಡಿತರು ಇದನ್ನು ಹೇಳಿದ್ದರು. ಅದು ಅರ್ಥವಾದುದು ಆ ರಾತ್ರಿ.

ಇಷ್ಟು ಬರೆದ ಮೇಲೆ ಅವರನ್ನು ದೇವತೆಯೆಂದು ಕರೆದು ಕೈಮುಗಿಯಬೇಕೆಂದು ಕೆಲವರಿಗೆ ಅನ್ನಿಸಬಹುದು. ನನಗೆ ಆ ಮಾತು ಅಷ್ಟಾಗಿ ಒಪ್ಪಿಗೆಯಿಲ್ಲ. ದೇವತೆಗೆ ನಿದ್ದೆ ಬೇಡ, ಸಂಬಳ ಬೇಡ, ರಜೆ ಬೇಡ. ಹಾಗೆ ಕರೆದುಬಿಟ್ಟರೆ ಮೂವತ್ತು ಮಂಚಗಳಿಗೆ ರಾತ್ರಿಯಲ್ಲಿ ಒಬ್ಬರೇ ಏಕೆ ಎಂದು ಕೇಳುವ ಗೊಡವೆಯೇ ನಮಗೆ ಇರುವುದಿಲ್ಲ. ದಾದಿಯರಲ್ಲಿ ಎಷ್ಟೋ ಮಂದಿ ಗುತ್ತಿಗೆಯ ಮೇಲೆ, ಕಾಯಂ ನೌಕರರಿಗಿಂತ ಕಡಮೆ ಸಂಬಳಕ್ಕೆ ದುಡಿಯುವವರು. 2020ರ ಯುಗಾದಿಯನ್ನು ನೆನೆದುಕೊಳ್ಳಿ. ಅದು ಮಾರ್ಚ್ 25; ಕೊರೋನಾದ ಕಾರಣ ದೇಶವೆಲ್ಲ ಬಾಗಿಲು ಮುಚ್ಚಿದ ಮೊದಲನೆಯ ದಿನ. ನಾವೆಲ್ಲ ಮನೆಯೊಳಗೆ ಕುಳಿತು ಬೇವುಬೆಲ್ಲ ತಿಂದೆವು. ಅದಕ್ಕೆ ಮೂರು ದಿನ ಮುಂಚೆ ಅವರಿಗಾಗಿ ಬಾಗಿಲಲ್ಲಿ ನಿಂತು ಚಪ್ಪಾಳೆಯನ್ನೂ ತಟ್ಟಿದ್ದೆವು. ಆ ಚಪ್ಪಾಳೆ ತಟ್ಟಿದ ಊರುಗಳಲ್ಲಿಯೇ, ಸೋಂಕು ತರುತ್ತಾರೆಂದು ಹೆದರಿ ದಾದಿಯರಿಗೆ ಬಾಡಿಗೆ ಮನೆ ಬಿಡಿರೆಂದವರೂ ಇದ್ದರು. ಪಾಳಿ ಮುಗಿಸಿ ಮನೆಗೆ ಹೋಗಲಾರದೆ, ಮಕ್ಕಳನ್ನು ದೂರದಿಂದ ನೋಡಿ ಹಿಂದಿರುಗಿದ ತಾಯಂದಿರ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ನೈಟಿಂಗೇಲಳು ಹುಟ್ಟಿ ಇನ್ನೂರು ವರ್ಷವಾಯಿತೆಂದು ಆ ವರ್ಷವನ್ನೇ ವಿಶ್ವ ಆರೋಗ್ಯ ಸಂಸ್ಥೆಯು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಮೊದಲೇ ಸಾರಿತ್ತು. ಆಚರಣೆ ಹೀಗಾದೀತೆಂದು ಯಾರು ಬಲ್ಲರು!

ನನ್ನ ತಂದೆಯವರು ಗುಣವಾಗಿ ಮನೆಗೆ ಬಂದರು. ಮುಂದೆ ಕೋಲೂರಿಕೊಂಡು ಹಿತ್ತಿಲವರೆಗೆ ನಡೆಯುವಷ್ಟಾದರು. ಮಾತು ಪೂರ್ತಿಯಾಗಿ ಮರಳಲಿಲ್ಲ.

ಹಬ್ಬ ಕಳೆದ ಮರುದಿನ ಬೆಳಿಗ್ಗೆ ಎಂಟಕ್ಕೆ ಹಗಲಿನ ಪಾಳಿಯವಳು ಬಂದಳು. ಇಬ್ಬರೂ ಒಂದೊಂದು ಮಂಚದ ಬಳಿಯೂ ನಿಂತು, ರಾತ್ರಿ ನಡೆದುದನ್ನು ಒಬ್ಬರು ಹೇಳಿ ಇನ್ನೊಬ್ಬರು ಬರೆದುಕೊಂಡರು. ನಮ್ಮ ಮಂಚದ ಬಳಿ ಬಂದಾಗ ಸಿಸ್ಟರಮ್ಮ ಹೇಳಿದ್ದು ಎರಡೇ ವಾಕ್ಯ: ಎರಡೂವರೆಗೆ ಕಫ ಕಟ್ಟಿತ್ತು, ತೆಗೆದಿದೆ, ಎದೆಯ ಎಕ್ಸ್‌ರೇ ಆಗಬೇಕು. ಅಜ್ಜನ ಮಂಚವನ್ನು ಇನ್ನೊಂದು ರಾತ್ರಿ ಹಾಗೆಯೇ ಬಿಡು ಎಂದೂ ಹೇಳಿದರು. ಇದೆಲ್ಲ ಮುಗಿಯುವ ಹೊತ್ತಿಗೆ ಎಂಟೂವರೆಯಾಯಿತು. ಅವರ ಊರಿಗೆ ಹೋಗುವ ಬಸ್ಸು ಎಂಟೂಕಾಲಕ್ಕೇ ಹೊರಟುಹೋಗಿತ್ತು. ಬಾಗಿಲವರೆಗೆ ಜೊತೆಯಲ್ಲಿ ನಡೆದ ನಾನು ಹಬ್ಬ ತಪ್ಪಿತಲ್ಲಾ ಎಂದೆ. "ತಪ್ಪೋದೆಲ್ಲಿ ಬಂತು, ಮಗಳು ಸುರುಸುರು ಬತ್ತಿ ಒಂದು ಡಬ್ಬಿ ತೆಗೆದಿಟ್ಟಿದಾಳಂತೆ, ಅಮ್ಮ ಬಂದ ಮೇಲೇ ಹಚ್ಚೋದು ಅಂತ" ಎಂದರು. ಮುಂದಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಅವರು ಕುಳಿತಲ್ಲಿಯೇ ನಿದ್ದೆ ಹೋದುದು ವಾರ್ಡಿನ ಕಿಟಕಿಯಿಂದ ಕಾಣುತ್ತಿತ್ತು.